ಮೊದಲ ನೋಟವೂ ಕಡೇ ತೀರ್ಪೂ

ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದವನನ್ನು ಕಂಡು ಲೋಕವು ಏನನ್ನುವದೆಂದು ನಮ್ಮ ಹಿರಿಯರು ಗಾದೆಯಾಗಿ ಹೇಳಿರುವದನ್ನು ನೀವೆಲ್ಲರೂ ಬಲ್ಲಿರಿ. ಮರವು ಹೆಂಡದ ಮರ, ಕೈಯಲ್ಲಿ ಕುಡಿಕೆ, ಕುಡಿಕೆಯಲ್ಲಿರುವದು ಬೆಳ್ಳಗಿದೆ. ನೋಡಿದವನ ಕಣ್ಣು ಅವನನ್ನು ಮೋಸಗೊಳಿಸಲಿಲ್ಲ. ಆದರೂ ಅವನು ಮಾಡಿದ ತೀರ್ಪು ಸುಳ್ಳಾಯಿತು. ಹಾಗಾದರೆ ಮೊದಲ ನೋಟಕ್ಕೆ ತೋರುವದನ್ನು ನಾವು ಎಷ್ಟರ ಮಟ್ಟಿಗೆ ನಂಬಬೇಕು? ಅದನ್ನು ಪೂರಾ ತಳ್ಳಿಬಿಡಬೇಕೋ? ಇಲ್ಲವೆ ಅದರ ಮೇಲೆಯೇ ಒಬ್ಬನನ್ನು ಅಪರಾಧಿಯೆಂದು ಎಣಿಸಬೇಕೋ?

ನ್ಯಾಯಸ್ಥಾನಗಳಲ್ಲಿ ವಕೀಲರು ‘ಪ್ರೈಮಾ ಫೇಸಿ’ ಎಂಬ ಲ್ಯಾಟಿನ್ ಮಾತನ್ನು ಆಗಾಗ್ಗೆ ಆಡುತ್ತಾರೆ. ‘ಮೊದಲ ಮುಖಕ್ಕೆ,’ ಅಂದರೆ ಮೇಲ್ನೋಟಕ್ಕೆ, ಎಂಬದೇ ಅದರ ಅರ್ಥ. ಬೇರೆ ಸಂಗತಿ ಹೊರಬೀಳುವ ತನಕ ಒಂದನ್ನು ಸತ್ಯವೆಂದು ಹಿಡಿಯಬಹುದು, ಆದರೆ ಅದು ಇನ್ನೂ ಮುಗಿದ ತೀರ್ಪಲ್ಲ ಎಂಬದನ್ನು ಈ ಮಾತು ಸೂಚಿಸುತ್ತದೆ.

ಯೋಸೇಫನ ಎರಡು ಬಟ್ಟೆಗಳನ್ನು ನೆನಸಿಕೊಳ್ಳಿರಿ. ಅವನ ಅಣ್ಣಂದಿರು ಅವನ ಅಂಗಿಯನ್ನು ಹೋತದ ರಕ್ತದಲ್ಲಿ ಅದ್ದಿ ತಂದೆಗೆ ತೋರಿಸಿದಾಗ ಯಾಕೋಬನು, ಮಗನನ್ನು ಕಾಡುಮೃಗವು ತಿಂದುಬಿಟ್ಟಿತೆಂದು ನಂಬಿ ಬಹು ದಿನ ಗೋಳಾಡಿದನು. ತರುವಾಯ ಐಗುಪ್ತ ದೇಶದಲ್ಲಿ ಪೋಟೀಫರನ ಹೆಂಡತಿಯು ಅವನ ಇನ್ನೊಂದು ಬಟ್ಟೆಯನ್ನು ಗಂಡನ ಮುಂದಿಟ್ಟು ದೂರು ಹೇಳಿದಳು. ಅವನು ಕೋಪಗೊಂಡು ಯೋಸೇಫನನ್ನು ಸೆರೆಮನೆಗೆ ಹಾಕಿಸಿದನು. ಎರಡು ಸಾರಿಯೂ ಬಟ್ಟೆಯು ಯೋಸೇಫನದೇ. ಎರಡು ಸಾರಿಯೂ ಅದರಿಂದ ತೆಗೆದ ಅರ್ಥ ಸುಳ್ಳು. ಬಟ್ಟೆಯನ್ನು ಕಂಡು ಸಂಶಯಪಟ್ಟದ್ದು ಪೋಟೀಫರನ ತಪ್ಪೆಂದು ನಾವು ಹೇಳಲಾರೆವು. ಯಾವ ಯಜಮಾನನೂ ಸಂಶಯಪಡುತ್ತಿದ್ದನು. ಆದರೆ ಅವನು ಯೋಸೇಫನನ್ನು ಕರೆದು ವಿಚಾರಿಸಿದನೆಂದು ಅಲ್ಲಿ ಬರೆದಿಲ್ಲ. ಮೊದಲ ನೋಟವನ್ನು ಕಡೇ ನೋಟವಾಗಿ ಮಾಡಿಕೊಂಡದ್ದೇ ಅವನ ತಪ್ಪು.

ಕಾನೂನು ಈ ವಿಷಯದಲ್ಲಿ ಹೇಗೆ ನಡೆಯುತ್ತದೆಂದು ನೋಡೋಣ. ನಮ್ಮ ಹೊಲಗಳ ಪಹಣಿಯನ್ನೇ ತೆಗೆದುಕೊಳ್ಳಿರಿ. 1964ನೇ ಇಸವಿಯ ಕರ್ನಾಟಕ ಭೂಕಂದಾಯ ಅಧಿನಿಯಮದ 133ನೇ ಕಲಮಿನ ಪ್ರಕಾರ ಹಕ್ಕುದಾಖಲೆಯಲ್ಲಿ ಬರೆದದ್ದನ್ನು, ಅದಕ್ಕೆ ವಿರೋಧವಾದದ್ದು ರುಜುವಾಗುವ ತನಕ ಅಥವಾ ಕ್ರಮವಾಗಿ ಹೊಸ ನಮೂದು ಆಗುವ ತನಕ, ಸತ್ಯವೆಂದು ಭಾವಿಸಬೇಕು. ಈ ಮಾತಿನಲ್ಲಿ ಎರಡು ಪಾಠಗಳುಂಟು. ಬರಹವನ್ನು ಸುಮ್ಮನೆ ಅಲ್ಲಗಳೆಯಕೂಡದು. ಅದು ಸುಳ್ಳೆನ್ನುವವನೇ ಸಾಕ್ಷಿಯನ್ನು ತರಬೇಕು. ಹಾಗೆಯೇ ಬರಹವನ್ನು ಕಡೇ ಮಾತೆಂದೂ ಎಣಿಸಕೂಡದು. ಸಾಕ್ಷಿ ಬಂದರೆ ಅದು ಬಿದ್ದುಹೋಗುವದು.

ಅಪರಾಧದ ವಿಚಾರಣೆಯಲ್ಲಿಯೂ ಹೀಗೆಯೇ. 2024ನೇ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಸೆಷನ್ಸ್ ನ್ಯಾಯಾಧೀಶನು ಮೊದಲು ಕಾಗದಪತ್ರಗಳನ್ನು ನೋಡುತ್ತಾನೆ. ಸಾಕಾದಷ್ಟು ಆಧಾರವಿಲ್ಲದಿದ್ದರೆ ಕಾರಣವನ್ನು ಬರೆದು ಆರೋಪಿಯನ್ನು ಬಿಟ್ಟುಬಿಡುತ್ತಾನೆ. ಆಧಾರವಿದ್ದರೆ ದೋಷಾರೋಪಣೆಯನ್ನು ಬರೆದು, ಅವನಿಗೆ ಓದಿ ಹೇಳಿಸಿ, ತಪ್ಪನ್ನು ಒಪ್ಪುತ್ತೀಯೋ ಎಂದು ಕೇಳುತ್ತಾನೆ. ಅಲ್ಲಿಗೆ ವಿಚಾರಣೆಯು ಆರಂಭವಾಯಿತೇ ಹೊರತು ಮುಗಿಯಲಿಲ್ಲ. ಮೇಲ್ನೋಟದ ಆಧಾರವು ಒಬ್ಬನನ್ನು ಉತ್ತರಕ್ಕೆ ಕರೆಯಲು ಸಾಕು, ಶಿಕ್ಷಿಸಲು ಸಾಲದು.

ಇದೇ ಮಾತನ್ನು ನ್ಯಾಯಸ್ಥಾನದಿಂದ ಮನಸ್ಸಾಕ್ಷಿಯ ವಿಷಯಕ್ಕೆ ತಂದವನು ಡಬ್ಲ್ಯು. ಡಿ. ರಾಸ್ ಎಂಬ ಪಂಡಿತನು. ಅವನು 1877ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಬಾಲ್ಯದ ಕೆಲವು ವರುಷಗಳನ್ನು ದಕ್ಷಿಣ ಇಂಡಿಯಾದಲ್ಲಿ ಕಳೆದು, ಆಕ್ಸ್‌ಫರ್ಡಿನಲ್ಲಿ ಉಪಾಧ್ಯಾಯನಾಗಿದ್ದನು. ಯುಕ್ತವಾದದ್ದನ್ನೂ ಒಳ್ಳೇದನ್ನೂ ಕುರಿತು 1930ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವನು ಮೇಲ್ನೋಟದ ಕರ್ತವ್ಯಗಳೆಂದು ಏಳನ್ನು ಎಣಿಸಿದನು: ಕೊಟ್ಟ ಮಾತನ್ನು ನಡಿಸುವದು, ಮಾಡಿದ ಕೇಡನ್ನು ತುಂಬಿಕೊಡುವದು, ಉಪಕಾರವನ್ನು ನೆನಸುವದು, ನ್ಯಾಯವಾಗಿ ಹಂಚುವದು, ಪರರಿಗೆ ಹಿತಮಾಡುವದು, ತನ್ನನ್ನು ತಿದ್ದಿಕೊಳ್ಳುವದು, ಯಾರಿಗೂ ಕೇಡುಮಾಡದಿರುವದು. ಇವುಗಳಲ್ಲಿ ಎರಡು ಒಂದಕ್ಕೊಂದು ಎದುರುಬಿದ್ದರೆ ಹೆಚ್ಚು ಭಾರವಾದದ್ದನ್ನು ವಿವೇಕದಿಂದ ಕಂಡುಕೊಂಡು ನಡಿಸಬೇಕೆಂದು ಅವನ ಮತ.

ನಮ್ಮ ಹಳ್ಳಿಯ ರೀತಿಯಲ್ಲಿ ಹೇಳೋಣ. ಬಿತ್ತನೆಯ ದಿವಸ ನೆರೆಯವನಿಗೆ ಎತ್ತುಗಳನ್ನು ಕೊಡುವೆನೆಂದು ಒಬ್ಬನು ಮಾತು ಕೊಟ್ಟಿದ್ದಾನೆ. ಅದೇ ಮುಂಜಾನೆ ಬೀದಿಯಲ್ಲಿ ಒಬ್ಬಾಕೆಗೆ ಹೆರಿಗೆಯ ಬೇನೆ ಎದ್ದಿದೆ. ಕೆಸರಿನ ದಾರಿಯಲ್ಲಿ ಮೋಟಾರು ಬರಲಾರದು. ಅವನು ಗಾಡಿ ಹೂಡಿ ಆಕೆಯನ್ನು ಆಸ್ಪತ್ರೆಗೆ ಕರಕೊಂಡು ಹೋಗುತ್ತಾನೆ. ಅವನು ಮಾಡಿದ್ದು ಸರಿಯೆಂದು ಎಲ್ಲರೂ ಒಪ್ಪುವಿರಿ. ಆದರೆ ನೆರೆಯವನಿಗೆ ಕೊಟ್ಟ ಮಾತು ಏನಾಯಿತು?

ಇಲ್ಲಿಯೇ ನಾವು ಸೂಕ್ಷ್ಮವಾಗಿ ನೋಡಬೇಕು. ನ್ಯಾಯಸ್ಥಾನದಲ್ಲಿ ಮೇಲ್ನೋಟದ ಆಧಾರವು ಸುಳ್ಳೆಂದು ತೋರಿದರೆ ಅದರಲ್ಲಿ ಏನೂ ಉಳಿಯುವದಿಲ್ಲ. ಕರ್ತವ್ಯವು ಅಂಥದಲ್ಲ. ಮೇಲ್ನೋಟವೆಂಬ ಹೆಸರು ಬರೀ ತೋರಿಕೆಯೆಂಬ ಭ್ರಮೆಯನ್ನು ಹುಟ್ಟಿಸೀತೆಂದು ರಾಸನು ತಾನೇ ಎಚ್ಚರಿಸಿದ್ದಾನೆ. ಹೆಚ್ಚಿನ ಕರ್ತವ್ಯವು ಚಿಕ್ಕದನ್ನು ಹಿಂದಕ್ಕೆ ಸರಿಸುತ್ತದೆ, ಆದರೆ ಅಳಿಸಿಬಿಡುವದಿಲ್ಲ. ನೆರೆಯವನ ಸಾಲವು ಉಳಿದೇ ಇದೆ. ಗಾಡಿಯವನು ನಾಚಿಕೆಪಡಬೇಕಾಗಿಲ್ಲ, ಆದರೂ ಅವನ ಮನಸ್ಸಿಗೆ ಸ್ವಲ್ಪ ನೋವಾಗತಕ್ಕದ್ದು. ಅವನು ಆ ಸಂಜೆಯೇ ನೆರೆಯವನ ಮನೆಗೆ ಹೋಗಿ, ನಡೆದದ್ದನ್ನು ತಿಳಿಸಿ, ಮರುದಿವಸ ಎತ್ತುಗಳನ್ನು ಹೂಡಿಕೊಡಬೇಕು.

ಕರ್ತವ್ಯಗಳನ್ನು ಹೀಗೆ ತೂಗುವದಾದರೆ ಪ್ರತಿಯೊಬ್ಬನೂ ತನಗೆ ಬೇಕಾದಾಗ ಮಾತು ತಪ್ಪಿ, ಹೆಚ್ಚಿನ ಕೆಲಸವಿತ್ತೆಂದು ಹೇಳಲಾರನೇ? ಎಂದು ಕೆಲವರು ಕೇಳಬಹುದು. ಈ ಪ್ರಶ್ನೆಯು ನ್ಯಾಯವಾದದ್ದೇ. ಅದಕ್ಕೆ ನಾವು ಒಂದು ಗುರುತನ್ನು ಕೊಡುತ್ತೇವೆ. ನಿಜವಾಗಿ ಹೆಚ್ಚಿನ ಕರ್ತವ್ಯಕ್ಕೆ ಮಣಿದವನು ಉಳಿದ ಸಾಲವನ್ನು ಮರೆಯುವದಿಲ್ಲ. ನೆವ ಹೇಳುವವನು ತೀರಿಸುವ ಮಾತನ್ನೇ ಎತ್ತುವದಿಲ್ಲ. ಮರುದಿವಸ ಎತ್ತುಗಳು ನೆರೆಯವನ ಹೊಲಕ್ಕೆ ಬಂದವೋ ಇಲ್ಲವೋ ಎಂಬದರಿಂದ ಇಬ್ಬರನ್ನೂ ತಿಳಿಯಬಹುದು.

ಈಗ ನೆರೆಯವನ ಕಡೆಯಿಂದಲೂ ನೋಡೋಣ. ಅವನು ಬೆಳಗ್ಗೆ ಹೊಲದಲ್ಲಿ ನಿಂತು ದಾರಿ ನೋಡಿದನು, ಹದ ಆರುತ್ತಾ ಬಂತು, ಎತ್ತುಗಳು ಬರಲಿಲ್ಲ. ಇವನು ಮಾತುಗೇಡಿಯೆಂದು ಮೇಲ್ನೋಟಕ್ಕೆ ತೋರುವದು ಸಹಜವೇ. ಆ ಸಂಶಯವನ್ನು ಹಿಡಿದು ಅವನು ಎಲ್ಲಿಗೆ ಹೋಗುತ್ತಾನೆ? ಕಟ್ಟೆಗೆ ಹೋಗಿ ಹತ್ತು ಜನರ ಮುಂದೆ ಹೇಳಿದರೆ ಸಾಯಂಕಾಲದೊಳಗೆ ತೀರ್ಪು ಆಗಿಹೋಗುತ್ತದೆ. ಒಬ್ಬನ ಹೆಸರು ಕೆಡುತ್ತದೆ. ಗಾಡಿಯವನ ಮನೆಗೇ ಹೋಗಿ, ಏನಾಯಿತಪ್ಪಾ ಎಂದು ಕೇಳಿದರೆ ಸತ್ಯವು ತಿಳಿಯುತ್ತದೆ.

ನಮ್ಮ ಸಭೆಗಳಲ್ಲಿಯೂ ಎಷ್ಟೋ ಮನಸ್ತಾಪಗಳು ಹೀಗೆಯೇ ಹುಟ್ಟಿ, ತಂದೆಯ ಕಾಲದಿಂದ ಮಗನ ಕಾಲಕ್ಕೆ ಇಳಿದುಬರುತ್ತವೆ. ಆದದರಿಂದ ಪ್ರಿಯರೇ, ಕಂಡದ್ದನ್ನು ಕಾಣಲಿಲ್ಲವೆನ್ನಬೇಡಿರಿ. ಸಂಶಯಕ್ಕೆ ಆಧಾರವಿದ್ದರೆ ವಿಚಾರಿಸಿರಿ. ಆದರೆ ಯಾರ ವಿಷಯದಲ್ಲಿ ಸಂಶಯವೋ ಅವನನ್ನೇ ಮೊದಲು ಕೇಳಿರಿ. ಮಜ್ಜಿಗೆಯೋ ಹೆಂಡವೋ ಎಂಬದನ್ನು ಕುಡಿಕೆಯ ಹತ್ತಿರಕ್ಕೆ ಹೋದವನೇ ಬಲ್ಲನು.