ಹೊಲಸು ಕಾಣದ ಗೋಡೆ

ಗೋಡೆಗೆ ಬಿಳಿಯೋ ಬೂದಿಯೋ ಎಂಬುದು ನೀತಿಯ ಪ್ರಶ್ನೆಯೆಂದರೆ ಓದುಗರು ನಕ್ಕಾರು. ಕಣ್ಣಿಗೆ ಹಿತವಾದುದನ್ನು ಬಳಿದರಾಯಿತು, ಇದರಲ್ಲಿ ಧರ್ಮಾಧರ್ಮವೇನು ಬಂತು? ಆದರೆ ರಾಯಚೂರಿನಲ್ಲಿ ಬಣ್ಣ ಬಳಿಯುವವರ ಮಾತನ್ನು ಕೇಳಿ ನೋಡಿ. “ಬೂದಿ ಬಣ್ಣ ಹಚ್ಚಿಸ್ರಿ ಸಾಹೇಬ್ರ, ಹೊಲಸು ಕಾಣಂಗಿಲ್ಲ” ಎನ್ನುತ್ತಾರೆ. ಹೊಲಸು ಆಗುವುದಿಲ್ಲವೆಂದು ಅವರು ಹೇಳುವುದಿಲ್ಲ, ಅಷ್ಟರಮಟ್ಟಿಗೆ ಪ್ರಾಮಾಣಿಕರು.

ದೇವದುರ್ಗದ ಹಳೆಯ ಮನೆಗಳಲ್ಲಿ ಈ ಆಯ್ಕೆಯೇ ಇರಲಿಲ್ಲ. ಹಬ್ಬ ಬಂದರೆ ಸುಣ್ಣ. ಸುಟ್ಟ ಸುಣ್ಣದ ಕಲ್ಲಿಗೆ ನೀರು ಹಾಕಿದರೆ ಕೊತಕೊತ ಕುದಿಯುತ್ತಿತ್ತು; ಆರಿದ ಮೇಲೆ ಸೋಸಿ, ಚಿಟಿಕೆ ನೀಲಿ ಬೆರೆಸಿ ಬಳಿಯುತ್ತಿದ್ದರು. ಆ ನೀಲಿ ಸುಣ್ಣದ ಹಳದಿ ಛಾಯೆಯನ್ನು ಮರೆಸುತ್ತದೆ. ಸತ್ಯಸಂಧವೆಂದು ಹೆಸರಾದ ಬಿಳುಪಿನಲ್ಲೂ ಇಷ್ಟು ಕಪಟವುಂಟು! ಬಳಿದ ಸುಣ್ಣ ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿ ಮತ್ತೆ ಸುಣ್ಣಗಲ್ಲೇ ಆಗುತ್ತದೆ; ಅದರ ಕ್ಷಾರಕ್ಕೆ ಬೂಸು ಸುಲಭವಾಗಿ ಹತ್ತದು. ಆದರೆ ಒರಗಿದವರ ಅಂಗಿಗೆ ಅದೇ ಹತ್ತುತ್ತದೆ. ಮಕ್ಕಳ ಒಂದೊಂದು ಬೆರಳಿನ ಗುರುತೂ ಅದರ ಮೇಲೆ ನಿಂತು ಸಾಕ್ಷಿ ಹೇಳುತ್ತದೆ.

ಹಾಗೆಂದು ಬಿಳಿಯೇ ಧರ್ಮವೆಂದು ತೀರ್ಪು ಕೊಡಲು ನನಗೆ ಮನಸ್ಸು ಬಾರದು. ಬಿಳಿಯ ಗೋಡೆ ಸತ್ಯ ಹೇಳುತ್ತದೆ, ನಿಜ. ಆ ಸತ್ಯವನ್ನು ಒರೆಸುವವರು ಯಾರು? ಯಜಮಾನರು ಆರಾಮಕುರ್ಚಿಯಲ್ಲಿ ಕುಳಿತು ಶುಭ್ರತೆಯನ್ನು ಹೊಗಳುತ್ತಾರೆ. ಒದ್ದೆಬಟ್ಟೆ ಹಿಂಡುವ ಕೈ ಮನೆಯಾಕೆಯದು, ಇಲ್ಲವೆ ಕೆಲಸದಾಕೆಯದು. ಮಾನ್ವಿಯ ಸುತ್ತ ಎರೆಭೂಮಿ. ಬೇಸಿಗೆಯಲ್ಲಿ ಗಾಳಿ ಎದ್ದರೆ ಕರಿಧೂಳು ಒಳಮನೆಗೂ ನುಗ್ಗುತ್ತದೆ. ಅಲ್ಲಿನ ಗೃಹಿಣಿಯೊಬ್ಬರು ಬೂದಿಬಣ್ಣ ಬೇಡಿದರೆ ಅದನ್ನು ಸೋಮಾರಿತನವೆನ್ನುವ ಧೈರ್ಯ ನನಗಿಲ್ಲ. ಮೇ ತಿಂಗಳ ಇಳಿಹಗಲಿನಲ್ಲಿ ಪಡುವಣ ಕಿಟಕಿಯ ಬಿಸಿಲು ಬಿಳಿಗೋಡೆಗೆ ಬಡಿದು ಕಣ್ಣು ಚುಚ್ಚುವಾಗ ಬೂದಿಬಣ್ಣ ತಂಪೆನಿಸುವುದೂ ಸುಳ್ಳಲ್ಲ.

ಒಂದೇ ಕಡೆ ನನ್ನ ಮನಸ್ಸು ತಡೆಯುತ್ತದೆ. 1985ರಲ್ಲಿ ರಾಯಚೂರಿನ ಬಳಿ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು ವಿದ್ಯುತ್ತು ತಯಾರಿಸುವುದು ಆರಂಭವಾಯಿತು. ಅದರ ಹಾರುಬೂದಿಯ ಬಣ್ಣವೂ ಅಂಗಡಿಯವರು ತೋರಿಸುವ ಆ ಬೂದಿಯ ಬಣ್ಣವೂ ಹೆಚ್ಚುಕಡಿಮೆ ಒಂದೇ. ಗೋಡೆಯ ಮೇಲೆ ಕಾಣದ್ದು ಎದೆಗೂಡಿನೊಳಗೆ ಹೋಗದೆ ಇರುತ್ತದೆಯೇ? ಬಿಳಿಗೋಡೆಯ ಮನೆಯವನು ಬೆರಳಾಡಿಸಿ ನೋಡಿ, ಇದು ಎಲ್ಲಿಂದ ಬಂತೆಂದು ಹತ್ತು ಜನರನ್ನು ಕೇಳಿಯಾನು. ಬೂದಿಗೋಡೆಯವನಿಗೆ ಕೇಳಲು ನೆಪವೇ ಸಿಗದು.

ನಮ್ಮ ಮನೆಯಲ್ಲಿ ಮಲಗುವ ಕೋಣೆಗೆ ಬೂದಿ, ಬೀದಿಗೆ ಕಿಟಕಿ ತೆರೆದ, ಮಕ್ಕಳು ಓದಲು ಕೂರುವ ಪಡಸಾಲೆಗೆ ಬಿಳಿ ಎಂದು ಗೊತ್ತುಮಾಡಿದ್ದೇವೆ. ಪಡಸಾಲೆಯನ್ನು ಒರೆಸುವ ಪಾಳಿ ನನ್ನದು. ಭಾನುವಾರ ಬೆಳಿಗ್ಗೆ, ಪತ್ರಿಕೆ ಬಿಡಿಸುವುದಕ್ಕೆ ಮುಂಚೆ.