ಎಲ್ಲಾ ಬಲ್ಲವನ ಹೆಸರು ಹೆಲ್ಪರ್

ನಾವು ಓದುತ್ತಿದ್ದ ಹಾಸ್ಟೆಲಿನಲ್ಲಿ ಒಬ್ಬ ಅಣ್ಣ ಇದ್ದ. ಬೆಳಿಗ್ಗೆ ಐದಕ್ಕೆ ಮೋಟಾರು ಹಾಕುವವನು ಅವನೇ, ಸ್ಟಾರ್ಟರು ಸುಟ್ಟರೆ ಬಿಚ್ಚಿಕೊಂಡು ಕೂರುವವನೂ ಅವನೇ. ನಲ್ಲಿಯ ವಾಷರು, ಫ್ಯೂಸಿನ ತಂತಿ, ಬಾಗಿಲ ಚಿಲಕ, ಸೋರುವ ತಾರಸಿಗೆ ಸಿಮೆಂಟು, ವರ್ಷಕ್ಕೊಮ್ಮೆ ಸುಣ್ಣ, ಎಲ್ಲಕ್ಕೂ ಅವನೇ. ಕಕ್ಕಸು ಕಟ್ಟಿಕೊಂಡರೆ ಬಿದಿರಿನ ದಬ್ಬೆ ಹಿಡಿಯುವವನೂ ಅವನೇ. ಗುತ್ತಿಗೆದಾರನ ಕೂಲಿಪಟ್ಟಿಯಲ್ಲಿ ಮಾತ್ರ ಅವನ ಹೆಸರಿನ ಮುಂದೆ ಇದ್ದದ್ದು: ಹೆಲ್ಪರ್, ಅಕುಶಲ. ಯಾಕಣ್ಣ ಹಿಂಗೆ ಅಂದರೆ ನಗುತ್ತಿದ್ದ. "ನಂಗೆ ಎಲ್ಲಾ ಬತ್ತದೆ ಕಣ್ರಪ್ಪಾ. ಅದ್ಕೇ ಏನೂ ಬರಾಕಿಲ್ಲ ಅಂತ ಬರ್ಕೊಂಡವ್ರೆ."

ಈ ನಗುವನ್ನು ನಾವು ಹಗುರವಾಗಿ ಬಿಡುವಂತಿಲ್ಲ ಗೆಳೆಯರೆ. ಒಂದು ಕಸುಬು ಬಲ್ಲವನು ಕುಶಲ, ಐದು ಕಸುಬು ಬಲ್ಲವನು ಅಕುಶಲ. ಇದು ಯಾವ ಲೆಕ್ಕ?

ಕಾನೂನಿನಲ್ಲಂತೂ ಈ ಲೆಕ್ಕ ಇಲ್ಲ. ಬೇರೆ ಬೇರೆ ದರದ ಕೆಲಸಗಳನ್ನು ಒಬ್ಬನೇ ಮಾಡಿದರೆ, ಯಾವ ಕೆಲಸಕ್ಕೆ ಎಷ್ಟು ಹೊತ್ತು ಹೋಯಿತೋ ಅಷ್ಟು ಹೊತ್ತಿಗೆ ಆ ಕೆಲಸದ ದರ ಕೊಡತಕ್ಕದ್ದು ಎಂದು 1948ರ ಕನಿಷ್ಠ ವೇತನ ಕಾಯ್ದೆಯ 16ನೇ ಕಲಮು ಹೇಳಿತ್ತು. 2025ರ ನವೆಂಬರಿನಲ್ಲಿ ಆ ಕಾಯ್ದೆಯ ಜಾಗಕ್ಕೆ 2019ರ ವೇತನ ಸಂಹಿತೆ ಬಂತು. ಈ ಮಾತು ಅದರಲ್ಲೂ ಉಳಿದಿದೆ. ಅಕುಶಲ, ಅರೆಕುಶಲ, ಕುಶಲ, ಅತಿಕುಶಲ ಎಂಬ ನಾಲ್ಕು ಮೆಟ್ಟಿಲೂ ಉಳಿದಿವೆ. (ನಾಲ್ಕು ಎಂಬ ಸಂಖ್ಯೆಯ ಮೇಲೆ ಈ ದೇಶಕ್ಕೆ ಯಾಕಿಷ್ಟು ಪ್ರೀತಿಯೋ!) ಆದರೆ ಹೊತ್ತು ಬರೆದುಕೊಳ್ಳುವವರು ಯಾರು? ಸೂಪರ್‌ವೈಸರು. ಅದಕ್ಕೂ ಮೊದಲೇ ಟೆಂಡರಿನಲ್ಲಿ 'ಹೆಲ್ಪರ್ ಇಷ್ಟು ಮಂದಿ' ಅಂತ ಬರೆದಾಗಿರುತ್ತದೆ. ಮನುಷ್ಯ ಬರುವ ಮುಂಚೆಯೇ ಅವನ ಅಳತೆ ಗೊತ್ತುಮಾಡುವ ಈ ವಿದ್ಯೆ ನಮಗೆ ಹೊಸದಲ್ಲ. ಜಾತಿ ಕೆಲಸವನ್ನಷ್ಟೇ ಅಲ್ಲ, ಕೆಲಸಗಾರರನ್ನೇ ಒಡೆದು ಇಡುತ್ತದೆಂದು ಬಾಬಾಸಾಹೇಬರು 1936ರಲ್ಲೇ ತೋರಿಸಿದ್ದರು. ಇಲ್ಲೂ ನೋಡಿ, ಐದು ಕೆಲಸದಲ್ಲಿ ಅಣ್ಣನಿಗೆ ಹೆಸರು ಕೊಟ್ಟದ್ದು ದಬ್ಬೆ. ಹತ್ತು ನಿಮಿಷದ ದಬ್ಬೆ ಇಡೀ ದಿನದ ವಿದ್ಯೆಯನ್ನು ಮೈಲಿಗೆ ಮಾಡುತ್ತದೆ. ಮೋಟಾರು ಬಿಚ್ಚಿದ ಬೆರಳು ಮಾತ್ರ ದಬ್ಬೆಯನ್ನು ಮಡಿ ಮಾಡುವುದಿಲ್ಲ.

ಗೆಳೆಯರೊಬ್ಬರು ವಾದಿಸಿದರು: ಅರೆಬರೆ ಬಲ್ಲವನನ್ನು ವೈರ್‌ಮನ್ನಿಗೆ ಸಮ ಮಾಡಿದರೆ ವೈರ್‌ಮನ್ನಿಗೆ ಅನ್ಯಾಯವಲ್ಲವೆ? ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆವು. ಆದರೆ ಒಂದು ಮಳೆಗಾಲ ನೆನಪಾಗುತ್ತದೆ. ಹಾಸ್ಟೆಲಿನ ಊಟದ ಕೋಣೆಯ ಗೋಡೆ ಮುಟ್ಟಿದರೆ ಜುಮ್ ಅನ್ನುತ್ತಿತ್ತು. ವೈರ್‌ಮನ್ ಬಂದು, ವೈರು ಸರಿಯಾಗಿದೆ, ಗೋಡೆಯೇ ತೇವ ಅಂದ. ಪ್ಲಂಬರ್ ಬಂದು, ಈ ಗೋಡೆಯಲ್ಲಿ ನೀರಿನ ಪೈಪೇ ಇಲ್ಲ ಅಂದ. ಇಬ್ಬರೂ ಸುಳ್ಳು ಹೇಳಲಿಲ್ಲ. ಅಣ್ಣ ಮೇನ್ ಆರಿಸಿ, ತಾರಸಿ ಹತ್ತಿ, ಇಳಿದು, ಗೋಡೆ ತಟ್ಟಿ ತಟ್ಟಿ ಕಿವಿಯಿಟ್ಟ. ತಾರಸಿಯ ಬಿರುಕಿನಿಂದ ಇಳಿದ ಮಳೆನೀರು ವೈರು ಎಳೆದ ಪೈಪಿನೊಳಗೇ ಹರಿದು ಒಂದು ಹಳೇ ಜಾಯಿಂಟಿಗೆ ಮುಟ್ಟುತ್ತಿತ್ತು. ಬಿರುಕು ಮುಚ್ಚಿದ, ಜಾಯಿಂಟು ಬಿಚ್ಚಿ ಒಣಗಿಸಿ ಹೊಸ ಟೇಪು ಸುತ್ತಿದ. ಈ ತಿಳಿವಳಿಕೆ ಗಾರೆಯದೋ, ಕರೆಂಟಿನದೋ? ಎರಡರ ನಡುವಿನದು. ಆ ನಡುವಿಗೆ ಯಾವ ಪಟ್ಟಿಯಲ್ಲೂ ಕಾಲಂ ಇಲ್ಲ. ಕಾಯ್ದೆಯ ಗಡಿಯಾರವೂ ಇಲ್ಲಿ ಸೋಲುತ್ತದೆ. ಗೋಡೆಗೆ ಕಿವಿಯಿಟ್ಟು ನಿಂತ ಅರ್ಧ ಗಂಟೆ ಯಾರ ದರದ್ದು?

ಗುತ್ತಿಗೆದಾರನನ್ನು ಕೇಳಿದರೆ, ಒಪ್ಪಿಕೊಂಡೇ ಬಂದಿದಾನಲ್ಲ ಅನ್ನುತ್ತಾನೆ. ಕಡಿಮೆ ಕೂಲಿಗೆ ದುಡಿಯುವವನು ಇಷ್ಟಪಟ್ಟು ದುಡಿಯುವುದಿಲ್ಲ, ಮನೆಯವರ ಹೊಟ್ಟೆಗಾಗಿ ತನ್ನ ಮಾನವನ್ನೇ ತೆತ್ತು ದುಡಿಯುತ್ತಾನೆ ಎಂಬರ್ಥದ ಮಾತನ್ನು ಸುಪ್ರೀಂ ಕೋರ್ಟು 2016ರಲ್ಲಿ, ಪಂಜಾಬಿನ ಹಂಗಾಮಿ ನೌಕರರ ಮೊಕದ್ದಮೆಯಲ್ಲಿ ಹೇಳಿತು. ಒಪ್ಪಿಗೆ ಎಂಬುದು ಹಸಿದವನಿಗೂ ಉಂಡವನಿಗೂ ಒಂದೇ ಅಲ್ಲ. ನಾವು ಕೇಳುವುದಿಷ್ಟೇ: ಮನುಷ್ಯನನ್ನು ಗಂಟೆಗಂಟೆಗೆ ಸೀಳಿ ತೂಗಬೇಡಿ. ಅವನು ಮಾಡುವ ಕೆಲಸಗಳಲ್ಲಿ ಮೇಲಿನದು ಯಾವುದೋ ಅದರ ದರ ಇಡೀ ದಿನಕ್ಕೆ ಸಲ್ಲಲಿ. ಜೋಡಿಸಿ ನೋಡುವ ಬುದ್ಧಿಗೆ ಇನ್ನಷ್ಟು ಸೇರಲಿ.

ಇದನ್ನು ಬರೆಯುವಾಗ ಮುಚ್ಚಿಡಲಾಗದ ಸಂಗತಿಯೊಂದಿದೆ. ಬಿ.ಎ. ಎರಡನೇ ವರ್ಷದ ರಜೆಯಲ್ಲಿ ಫೀಜಿಗೆ ದುಡ್ಡು ಬೇಕಾಗಿ ಅದೇ ಗುತ್ತಿಗೆದಾರನ ಕೂಲಿಪಟ್ಟಿ ಬರೆಯಲು ಹೋಗಿದ್ದೆವು. ನಮ್ಮ ವಂಶದಲ್ಲಿ ಮೊದಲು ಪೆನ್ನು ಹಿಡಿದ ಕೈ. ಅಕ್ಷರ ದುಂಡಗಿದೆ ಅಂತ ಮೆಚ್ಚಿಕೊಂಡರು. ಎರಡು ತಿಂಗಳು ಅಣ್ಣನ ಹೆಸರಿನ ಮುಂದೆ 'ಅಕುಶಲ' ಅಂತ ಬರೆದದ್ದು ನಾವೇ. ಸಹಿ ಹಾಕಲು ಬಂದವನು ಪಟ್ಟಿ ನೋಡಲಿಲ್ಲ. ನಮ್ಮ ಮೇಜಿನ ಕಾಲು ಅಲ್ಲಾಡುತ್ತಿದ್ದುದನ್ನು ನೋಡಿದ, ಬಗ್ಗಿ ಒಂದು ಚಕ್ಕೆ ಸಿಗಿಸಿ ಹೋದ.