ದೇವರ ಚಿತ್ತವೂ ಬಾವಿಯ ನೀರೂ

ನಮ್ಮ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಬಹಳ ಸಲೀಸಾಗಿ ಬಾಯಿಗೆ ಬರುವ ಮಾತೊಂದಿದೆ: 'ದೇವರ ಚಿತ್ತ.' ಮಗಳ ಮದುವೆ ಕೂಡಿಬಂದರೂ ದೇವರ ಚಿತ್ತ, ಮುರಿದುಬಿದ್ದರೂ ದೇವರ ಚಿತ್ತ. ಎದೆಗೆ ದೊಡ್ಡ ಪೆಟ್ಟು ಬಿದ್ದಾಗ ಈ ಮಾತು ಕೊಡುವ ಆಸರೆಯನ್ನು ಹಗುರವಾಗಿ ಕಾಣುವವನು ನಾನಲ್ಲ. ಆದರೆ ಅದನ್ನು ಎಲ್ಲಿ ಆಡಬೇಕು, ಎಲ್ಲಿ ಆಡಬಾರದು ಎಂಬ ವಿವೇಕ ನಮಗಿರಬೇಡವೆ?

ಒಂದು ಮನೆಯಲ್ಲಿ ವಾಂತಿಭೇದಿಯಿಂದ ಮಗುವೊಂದು ತೀರಿಕೊಂಡಿತೆನ್ನಿ. ನೆರೆದವರು ತಾಯಿಗೆ ಹೇಳುವುದು ಇದೇ ಮಾತನ್ನು. ಹಿತ್ತಿಲಿನಲ್ಲಿ ಬಾವಿಯಿಂದ ನಾಲ್ಕು ಮಾರು ದೂರಕ್ಕೆ ಕಕ್ಕಸಿನ ಗುಂಡಿಯಿದೆ; ಮಳೆಗಾಲದಲ್ಲಿ ಗುಂಡಿಯ ಕೊಳೆ ಬಾವಿಗೆ ಇಳಿಯುತ್ತದೆ. ನೀರನ್ನು ಕುದಿಸಿ ಕುಡಿದಿದ್ದರೆ, ಭೇದಿ ಶುರುವಾದೊಡನೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕದಡಿ ಕುಡಿಸುತ್ತ ಡಾಕ್ಟರರ ಬಳಿಗೆ ಓಡಿದ್ದರೆ ಮಗು ಉಳಿಯುತ್ತಿತ್ತೇನೋ. ನಮ್ಮ ಉದಾಸೀನಕ್ಕೆ ದೇವರ ರುಜು ಹಾಕಿಸುವುದು ಭಕ್ತಿಯಲ್ಲ. ಅದು ಅವನ ಮೇಲೆ ಹೊರಿಸುವ ಅಪವಾದ.

ಸುವಾರ್ತೆಯೂ ಈ ಸುಲಭದ ದಾರಿಯನ್ನು ನಮಗೆ ಬಿಟ್ಟುಕೊಟ್ಟಿಲ್ಲ. ಸಿಲೊವಾಮಿನ ಬುರುಜು ಬಿದ್ದು ಹದಿನೆಂಟು ಮಂದಿ ಸತ್ತಾಗ, ಅವರು ಇತರರಿಗಿಂತ ಹೆಚ್ಚು ಪಾಪಿಗಳಾಗಿದ್ದರೆಂಬ ಎಣಿಕೆಯನ್ನು ಯೇಸು ತಳ್ಳಿಹಾಕಿದನು. ಹುಟ್ಟುಕುರುಡನ ವಿಷಯದಲ್ಲಿ, ಪಾಪ ಇವನದೋ ತಂದೆತಾಯಿಗಳದೋ ಎಂದು ಶಿಷ್ಯರು ಕೇಳಿದಾಗಲೂ ಎರಡನ್ನೂ ಅಲ್ಲಗಳೆದು, ಗುಣಪಡಿಸುವ ಕೆಲಸಕ್ಕೆ ಕೈಹಾಕಿದನು.

ಎಲ್ಲಕ್ಕೂ ವಿಜ್ಞಾನ ಕಾರಣ ಹೇಳಿಬಿಟ್ಟರೆ ದೇವರಿಗೆ ಉಳಿಯುವ ಜಾಗ ಯಾವುದು ಎಂದು ಅಳುಕುವ ಭಕ್ತರಿದ್ದಾರೆ. ನಮ್ಮ ಅಜ್ಞಾನದ ಮೂಲೆಗಳಲ್ಲಿ ಮಾತ್ರ ಇರಿಸಿದ ದೇವರು, ದೀಪ ಹಚ್ಚಿದಂತೆಲ್ಲ ಚಿಕ್ಕವನಾಗುತ್ತ ಹೋಗುವುದು ಸಹಜವೇ. ಬೆಲ್ಜಿಯಮ್ಮಿನ ಜಾರ್ಜ್ ಲಮೈತ್ರ್ ಪಾದ್ರಿಯಾಗಿದ್ದುಕೊಂಡೇ 1927ರಲ್ಲಿ ವಿಶ್ವ ಹಿಗ್ಗುತ್ತಿದೆ ಎಂದು ಗಣಿತದಿಂದ ತೋರಿಸಿದರು; ಅದರ ಆರಂಭದ ಕುರಿತ ತಮ್ಮ ಸಿದ್ಧಾಂತವನ್ನು 1931ರಲ್ಲಿ ಮುಂದಿಟ್ಟರು. 1951ರಲ್ಲಿ ಹನ್ನೆರಡನೆಯ ಪಯಸ್ ಪೋಪರು ಇಂಥ ವಿಜ್ಞಾನದಲ್ಲಿ ಸೃಷ್ಟಿಕರ್ತನಿಗೆ ಸಾಕ್ಷ್ಯ ಕಂಡು ಸಂತೋಷಪಟ್ಟರು. ಲಮೈತ್ರರಿಗೆ ಅದು ಒಪ್ಪಿಗೆಯಾಗಲಿಲ್ಲ. ಅವರ ದೃಷ್ಟಿಯಲ್ಲಿ ಆ ಸಿದ್ಧಾಂತ ಧರ್ಮದ ಪ್ರಶ್ನೆಗಳಿಂದ ಹೊರಗಿನದು. ಪೂಜೆ ಅರ್ಪಿಸುವ ಕೈಯೇ ಲೆಕ್ಕವನ್ನೂ ಬರೆಯಿತು. ಒಂದನ್ನು ಇನ್ನೊಂದಕ್ಕೆ ಆಧಾರವಾಗಿ ಕೊಡಲಿಲ್ಲ. ಅವರ ವಿಶ್ವಾಸಕ್ಕೆ ದೂರದರ್ಶಕದ ಊರುಗೋಲು ಬೇಕಿರಲಿಲ್ಲ.

ಹಾಗಾದರೆ ವಿಶ್ವಾಸಕ್ಕೆ ಕೆಲಸವೇನು? ಸೆಪ್ಟೆಂಬರ್ 8ರ ಮೊಂತಿ ಹಬ್ಬವನ್ನು ನೋಡಿ. ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು, ಅದರ ಕಾಳನ್ನು ಎಲ್ಲರೂ ಕೂಡಿ ಉಣ್ಣುತ್ತಾರೆ. ಬೆಳೆದವನಿಗೆ ಬೀಜ, ಗೊಬ್ಬರ, ಮಳೆಯ ಲೆಕ್ಕವೆಲ್ಲ ಗೊತ್ತು. ತೆನೆ ಹೇಗೆ ಬಂತೆಂಬುದಕ್ಕೆ ಹಬ್ಬ ಉತ್ತರ ಹೇಳುವುದಿಲ್ಲ. ಇದೆಲ್ಲ ನನ್ನೊಬ್ಬನ ಗಳಿಕೆಯಲ್ಲ, ಆದ್ದರಿಂದ ನಾನೊಬ್ಬನೇ ಉಣ್ಣತಕ್ಕದ್ದಲ್ಲ ಎಂದು ನೆನಪಿಸುತ್ತದೆ.

ಗುಂಡಿಗೂ ಬಾವಿಗೂ ನಡುವೆ ಎಷ್ಟು ದೂರವಿರಬೇಕೆಂದು ವಿಜ್ಞಾನ ಹೇಳುತ್ತದೆ. ಆ ಬಾವಿ ನನ್ನದಾಗಿರದೆ ನೆರೆಮನೆಯವರದಾಗಿದ್ದರೆ? ಸ್ವಂತ ದುಡ್ಡು ಸುರಿದು ನನ್ನ ಗುಂಡಿಯನ್ನು ಬೇರೆಡೆಗೆ ಸರಿಸಬೇಕು ಎಂಬ ಒತ್ತಾಯ ಯಾವ ಪ್ರಯೋಗಶಾಲೆಯಿಂದಲೂ ಬರುವುದಿಲ್ಲ. ನೆರೆಯವನನ್ನು ಪ್ರೀತಿಸೆಂಬ ಆಜ್ಞೆ ಅಲ್ಲಿ ಗುದ್ದಲಿ ಹಿಡಿಯುತ್ತದೆ. ಕ್ರೈಸ್ತರಲ್ಲದವರೂ ಬೇರೆ ದಾರಿಯಿಂದ ಅದೇ ಗುದ್ದಲಿಯನ್ನು ಹಿಡಿದಾರು, ಸಂತೋಷವೇ. ನಮಗಂತೂ ತಪ್ಪಿಸಿಕೊಳ್ಳಲು ನೆಪವಿಲ್ಲ.

ಮಾಡಬೇಕಾದುದನ್ನೆಲ್ಲ ಮಾಡಿದ ಮೇಲೂ ಕೆಲವು ಮಕ್ಕಳು ಸಾಯುತ್ತಾರೆ. ಆಗ 'ದೇವರ ಚಿತ್ತ' ಎನ್ನುವ ಹಕ್ಕು ಆ ತಾಯಿಗಿದೆ, ಅವಳಿಗೆ ಅನ್ನಿಸಿದರೆ. ನಮಗಿಲ್ಲ. ನಮ್ಮ ಪಾಲಿಗಿರುವುದು ಅವಳ ಪಕ್ಕದಲ್ಲಿ ಸುಮ್ಮನೆ ಕುಳಿತುಕೊಳ್ಳುವುದು, ಮರುದಿನ ಊರಿನ ಉಳಿದ ಬಾವಿಗಳನ್ನು ನೋಡಿ ಬರುವುದು. ಎರಡೂ ಪ್ರಾರ್ಥನೆಯೇ.